ಮುಗದ ಮುಂದಿನ ಚೀಟಿ

ದೈವಾರಾಧನೆಯ ಉತ್ಸವವಾದ ನೇಮದ ಸಂಜೆ ಬಂಟ್ವಾಳ, ಬೆಳ್ತಂಗಡಿಯ ಊರುಗಳಲ್ಲಿ ಭಂಡಾರ ಹೊರಡುತ್ತದೆ. ದೈವದ ಮುಖವಾಡವಾದ ಮುಗ, ಖಡ್ಗವಾದ ಕಡ್ಸಲೆ, ಗಂಟೆಗಳು ದೀಪ, ವಾದ್ಯಗಳೊಡನೆ ನೇಮದ ಗದ್ದೆಗೆ ಬಂದು, ಮುಗಿದ ಮೇಲೆ ಭಂಡಾರದ ಮನೆ ಸೇರುತ್ತವೆ. ಉಳಿದ ದಿನ ಅವು ಕಣ್ಣಿಗೆ ಬೀಳುವುದು ಅಪರೂಪ. ಹಾಗಿರುವಾಗ ವರ್ಷವಿಡೀ ಸಂಗ್ರಹಾಲಯದ ಗಾಜಿನ ಹಿಂದೆ ನಿಂತ ಮುಗದಲ್ಲಿ ದೈವ ಇದೆಯೆ?

ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತರೂಪಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಊರಲ್ಲಿ ಅವುಗಳ ಮುಂದೆ ಹರಕೆ ಹೇಳುತ್ತಿದ್ದರು. ದೆಹಲಿಯಲ್ಲಿ ಮರದ ಕೆತ್ತನೆ ಎಂದು ಮೆಚ್ಚುತ್ತಾರೆ.

ಹೀಗೆ ದೈವಕ್ಕೆ ಬೇರೆ ಹೆಸರಿನ ಚೀಟಿ ಅಂಟಿಸುವ ಕೆಲಸ ಹಳೆಯದು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ 1882ರಲ್ಲಿ ತೀರಿಕೊಂಡ. ಭೂತಾರಾಧನೆ ಕುರಿತ ಅವನ ಸಂಗ್ರಹ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ತಲೆಬರಹ ತುಳುವರು ಪಿಶಾಚಿಗಳನ್ನು ಪೂಜಿಸುತ್ತಾರೆ ಎಂಬರ್ಥದ್ದು. ಅದೇ ಪಿಶಾಚಿಗಳನ್ನು ತುಳುವರು ಕರೆಯುವುದು ‘ಸತ್ಯೊಲು’ ಎಂದು.

ಕ್ಯಾಮೆರಾ ಕೂಡ ಈ ಚೀಟಿಯ ಕೆಲಸ ಮಾಡಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಆ ಚೌಕಟ್ಟಿನೊಳಗೇ ಹೊಕ್ಕರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ’ದಲ್ಲಿ ಒಮ್ಮೆ ರವಿವರ್ಮನ ಲಕ್ಷ್ಮಿ, ಇನ್ನೊಮ್ಮೆ ಚೌಕಳಿ ಪರದೆಯ ಮುಂದೆ ಅಳತೆಗೆ ನಿಂತ ತೋಡ ಹೆಂಗಸು, ಎಲ್ಲವೂ ಅವರೇ. ಒಂದೇ ಮೈ ದೇವಿಯೂ ಆಗುತ್ತದೆ, ಮಾದರಿಯೂ ಆಗುತ್ತದೆ. ಹಾಗೆ ಮಾಡುವುದು ಪರದೆ ಮತ್ತು ಬೆಳಕು.

ತೋರಿಸುವುದೇ ತಪ್ಪೆಂದೇನಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ರತ್ನಬಿಂಬಗಳನ್ನೂ ತೋರಿಸುತ್ತಾರೆ, ಆದರೆ ಅದು ‘ಸಿದ್ಧಾಂತ ದರ್ಶನ’. ಜೈನರ ಪ್ರಕಾರ ಮುಕ್ತನಾದ ತೀರ್ಥಂಕರ ಬಿಂಬದೊಳಗೆ ವಾಸಿಸುವುದಿಲ್ಲ; ನೋಡುವವನ ಮನಸ್ಸು ತಿಳಿಯಾಗಲೆಂದು ಬಿಂಬವಿದೆ. ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ತುಳು ಬದುಕಿನ ಸಂಗ್ರಹಾಲಯದಲ್ಲಿ ಸಂಗ್ರಹಿಸಿದವರೂ ಸಂಗ್ರಹಗೊಂಡ ಬದುಕಿನವರೇ. ಅಲ್ಲಿ ವಸ್ತುವಿಗೆ ಹೆಸರು ಹುಡುಕಬೇಕಿಲ್ಲ, ನೆನಪಿಸಿಕೊಂಡರೆ ಸಾಕು.

ದೈವಕ್ಕೂ ತನ್ನದೇ ಚೀಟಿಯಿದೆ: ಪಾಡ್ದನವೆಂಬ ಹಾಡುಗತೆ. ಎಲ್ಲಿ ಹುಟ್ಟಿತು, ಯಾವ ಘಟ್ಟ ಇಳಿಯಿತು, ಎಲ್ಲಿ ನೆಲೆಯಾಯಿತು ಎಂಬುದೆಲ್ಲ ಅದರಲ್ಲಿದೆ. ಅದನ್ನು ಹೇಳುವವರು ದೈವ ಕಟ್ಟುವ ನಲಿಕೆ, ಪರವ, ಪಂಬದ ಮನೆಯವರು. ನೇಮದ ರಾತ್ರಿ ದೈವ ಕಟ್ಟುವವನ ಮುಖಕ್ಕೆ ಅರದಳದ ಹಳದಿ ಏರುತ್ತಿರುವಾಗ, ಪಕ್ಕದಲ್ಲಿ ಕೂತ ತಾಯಿಯೋ ಹೆಂಡತಿಯೋ ತೆಂಬರೆ ವಾದ್ಯ ಬಡಿಯುತ್ತ ಹಾಡುತ್ತಾಳೆ. ಮುಗ ಇನ್ನೂ ಕಟ್ಟಿರುವುದಿಲ್ಲ.