ಟೊಪ್ಪಿಗೆಯ ಮರ್ಯಾದೆ

ಮನುಷ್ಯನ ಯೋಗ್ಯತೆಯನ್ನು ಆತನ ಉಡಿಗೆ ತೊಡಿಗೆಗಳಿಂದ ಅಳೆಯುವುದು ನ್ಯಾಯವೆ? ಅಳೆಯಬಾರದೆಂದು ಬಾಯಲ್ಲಿ ಹೇಳದವರಿಲ್ಲ. ಅಳೆಯದೆ ಇರುವವರೂ ವಿರಳ. ಈ ವಿರೋಧವನ್ನು ವಿಚಾರಿಸುವುದಕ್ಕೆ ಆಂಗ್ಲೇಯರ ಬೌಲರ್ ಹ್ಯಾಟಿನ ಚರಿತ್ರೆಯು ಒಳ್ಳೆಯ ನಿದರ್ಶನ.

ಗುಂಡು ನೆತ್ತಿಯ, ಕಿರಿದಾದ ಅಂಚಿನ ಈ ಗಟ್ಟಿ ಟೊಪ್ಪಿಗೆ ಹುಟ್ಟಿದ್ದು 1849ರಲ್ಲಿ. ನಾರ್ಫೋಕ್ ಪ್ರಾಂತದ ಕೋಕ್ ಮನೆತನದವರು ತಮ್ಮ ಬೇಟೆಗಾಡಿನ ಕಾವಲುಗಾರರಿಗಾಗಿ ಲಂಡನ್ನಿನ ಲಾಕ್ ಅಂಗಡಿಯಲ್ಲಿ ಇದನ್ನು ಮಾಡಿಸಿದರು. ಎತ್ತರದ ಟೊಪ್ಪಿಗೆಗಳು ಮರದ ಕೊಂಬೆಗಳಿಗೆ ತಗುಲಿ ಬೀಳುತ್ತಿದ್ದುವು. ತಲೆಗೆ ರಕ್ಷಣೆಯೂ ಬೇಕಾಗಿತ್ತು. ಇಷ್ಟೇ ಮೂಲೋದ್ದೇಶ. ಸೇವಕನ ತಲೆಗೆಂದು ಹುಟ್ಟಿದ ಈ ವಸ್ತುವೇ ಕ್ರಮೇಣ ಲಂಡನ್ನಿನ ಬ್ಯಾಂಕು, ಕಚೇರಿಗಳ ಗಂಭೀರ ಗೃಹಸ್ಥರ ಲಾಂಛನವಾಯಿತು.

ಆ ಲಾಂಛನವನ್ನು 1914ರಲ್ಲಿ ಚಾರ್ಲಿ ಚಾಪ್ಲಿನ್ನನು ಚಲಚ್ಚಿತ್ರದಲ್ಲಿ ಒಬ್ಬ ಅಲೆಮಾರಿಯ ತಲೆಗೆ ಇಟ್ಟನು. ದೊಗಲೆ ಷರಾಯಿ, ಬಿಗಿದ ಕೋಟು, ಹೊಟ್ಟೆಗಿಲ್ಲದ ಸ್ಥಿತಿ; ಆದರೂ ಟೊಪ್ಪಿಗೆಯೆತ್ತಿ ವಂದಿಸುವ ಸೌಜನ್ಯ ಆತನನ್ನು ಬಿಟ್ಟಿಲ್ಲ. ಮೊದಲು ನಾವು ವೇಷವನ್ನು ಕಂಡು ನಗುತ್ತೇವೆ; ಬಳಿಕ ಆ ವಂದನೆಯೇ ನಮ್ಮನ್ನು ನಾಚಿಸುತ್ತದೆ. 1931ರ ‘ಸಿಟಿ ಲೈಟ್ಸ್’ ಚಿತ್ರದಲ್ಲಿ ಹೂ ಮಾರುವ ಕುರುಡು ಹುಡುಗಿ ಈತನನ್ನು ಶ್ರೀಮಂತನೆಂದು ಭಾವಿಸುತ್ತಾಳೆ. ಆತನ ನೆರವಿನಿಂದ ದೃಷ್ಟಿ ಬಂದ ಮೇಲೆ, ಹರಕು ವೇಷವನ್ನು ಕಂಡು ನಗುತ್ತಾಳೆ. ಕೈ ಮುಟ್ಟಿದಾಗ ಮಾತ್ರ ಆಕೆಗೆ ಗುರುತು ಸಿಕ್ಕುತ್ತದೆ. ಕಣ್ಣು ಬಂದುದರಿಂದಲೇ ಕಾಣದಾದ ಮನುಷ್ಯನು ಸ್ಪರ್ಶದಿಂದ ಮರಳಿ ದೊರೆತನು.

ಬೆಲ್ಜಿಯಮ್ ದೇಶದ ಚಿತ್ರಕಾರ ರೆನೆ ಮಾಗ್ರಿಟ್ ಇನ್ನೊಂದು ಅಪಾಯವನ್ನು ತೋರಿಸಿದನು. ನಮ್ಮ ದಖ್ಖನಿನ ವಜ್ರನಗರಿಯ ಹೆಸರು ಹೊತ್ತ ಆತನ 1953ರ ‘ಗೋಲ್ಕೊಂಡಾ’ ಚಿತ್ರದಲ್ಲಿ ಬೌಲರ್ ಹ್ಯಾಟಿನ ಪುರುಷರು ಮಳೆಹನಿಗಳಂತೆ ಆಕಾಶದಲ್ಲಿ ತೂಗಿದ್ದಾರೆ. 1964ರ ‘ಮನುಷ್ಯಕುಮಾರ’ದಲ್ಲಿ ಸೇಬಿನ ಹಣ್ಣೊಂದು ಮುಖವನ್ನು ಮರೆಮಾಡಿದೆ, ಟೊಪ್ಪಿಗೆ ಮಾತ್ರ ಸ್ಪಷ್ಟವಾಗಿದೆ. ಗೌರವದ ಗುರುತನ್ನು ಧರಿಸಿದವನು ಆ ಗುರುತಿನ ಹಿಂದೆ ತಾನೇ ಇಲ್ಲವಾಗಬಹುದಷ್ಟೆ. 1971ರಲ್ಲಿ ಕುಬ್ರಿಕ್ಕನ ‘ಎ ಕ್ಲಾಕ್‌ವರ್ಕ್ ಆರೆಂಜ್’ ಚಿತ್ರದಲ್ಲಿ ಇದೇ ಟೊಪ್ಪಿಗೆಯ ತರುಣನು ಕ್ರೌರ್ಯವನ್ನೇ ವಿನೋದವಾಗಿ ಮಾಡಿಕೊಂಡನು. ಗೃಹಸ್ಥನಿಗೂ ಅಲೆಮಾರಿಗೂ ಹಿಂಸಕನಿಗೂ ಒಂದೇ ಟೊಪ್ಪಿಗೆ ಒಪ್ಪಿತು.

ಹಾಗಾದರೆ ವೇಷವೆಲ್ಲ ಸುಳ್ಳೆಂದು ತಳ್ಳಿಬಿಡೋಣವೆ? ಅದೂ ಸಾಧ್ಯವಿಲ್ಲ. ರೋಗಿಗೆ ವೈದ್ಯನ ಗುರುತು ಬೇಕು. ದಾರಿ ತಪ್ಪಿದವನಿಗೆ ಪೋಲೀಸಿನವನ ಗುರುತು ಬೇಕು. ಅಪರಿಚಿತರು ಕೂಡಿ ಬಾಳುವ ಊರಿನಲ್ಲಿ ಗುರುತುಗಳಿಲ್ಲದೆ ವ್ಯವಹಾರ ನಡೆಯದು. ವೇಷವೆಂಬುದು ಒಂದು ಹುಂಡಿಯೆಂದು ನನ್ನ ಭಾವನೆ. ಹುಂಡಿಯನ್ನು ಬರೆಯುವುದು ಅಪರಾಧವಲ್ಲ. ಆದರೆ ಅವಧಿ ಬಂದಾಗ ಹಣ ತೆರಬೇಕು. ಆ ಹಣವೇ ನಡತೆ. ತೆರದವನು ನಮಗೆ ಟೋಪಿ ಹಾಕಿದನೆಂದು ಕನ್ನಡದಲ್ಲಿ ಹೇಳುವುದು ಎಷ್ಟು ಯುಕ್ತವಾಗಿದೆ!

ಆದರೆ ಸಾಲ ಧರಿಸಿದವನದು ಮಾತ್ರವಲ್ಲ, ನೋಡುವವನದೂ ಉಂಟು. ಒಳ್ಳೆಯ ವೇಷದವನಿಗೆ ನಾವು ಕೇಳದೆಯೇ ನಂಬಿಕೆಯನ್ನು ಕೊಡುತ್ತೇವೆ; ಹರಕು ಬಟ್ಟೆಯವನಿಂದ ಮೊದಲೇ ಸಾಕ್ಷ್ಯವನ್ನು ಕೇಳುತ್ತೇವೆ. ಮೊದಲನೆಯವನು ಮೋಸಗಾರನಾದರೆ ನಷ್ಟ ನಮ್ಮದು. ಎರಡನೆಯವನು ಸಜ್ಜನನಾಗಿದ್ದರೆ ನಷ್ಟ ಆತನದು. ನಾವು ಅದನ್ನು ಅರಿಯುವುದೂ ಇಲ್ಲ. ಅನ್ಯಾಯದ ಭಾರ ಯಾವ ಕಡೆ ಹೆಚ್ಚೆಂಬುದನ್ನು ವಾಚಕರೇ ತೂಗಿ ನೋಡಬೇಕು. ಬಾಗಿಲಿಗೆ ಬಂದವನು ಎರಡು ಮಾತನಾಡುವವರೆಗಾದರೂ ನಮ್ಮ ತೀರ್ಪನ್ನು ತಡೆದಿಟ್ಟರೆ, ಆ ಸಾಲದಲ್ಲಿ ನಮ್ಮ ಪಾಲು ಸ್ವಲ್ಪ ತೀರೀತು.