ಒಂದು ದಿನದ ನೆಂಟರು

ಜುಲೈ ತಿಂಗಳಲ್ಲಿ ಅವ್ವ ಫೋನ್ ಮಾಡಿದಳು ಅಂದರೆ ಮೊದಲು ಮಳೆ ಸುದ್ದಿ, ಆಮೇಲೆ ಬೆಳೆ ಸುದ್ದಿ, ಕೊನೆಗೆ ಯಾರದ್ದಾದರೂ ಮದುವೆ ಸುದ್ದಿ. ಹೋದ ವರ್ಷ ಈ ಮೂರೂ ಬಿಟ್ಟು ಬೇರೇನೇ ಹೇಳಿದಳು. "ಯಪ್ಪಾ, ಬರೂದಾದ್ರ ಶನಿವಾರ ರಾತ್ರೀನ ಬಂದುಬಿಡು. ಐತ್ವಾರ ಮುಂಜಾನೆ ಬಂದ್ರ ಊರಾಗ ಕಾಲಿಡಾಕ ಆಗೂದಿಲ್ಲ. ಮದಗದ ಕೆರಿ ಕೋಡಿ ಬಿದ್ದೈತಿ."

ಹುಟ್ಟಿದೂರಿಗೆ ಯಾವ ದಿನ ಬರಬೇಕು, ಯಾವ ದಿನ ಬರಬಾರದು ಅಂತ ಅವ್ವ ಟ್ರಾಫಿಕ್ ಪೊಲೀಸರ ಹಾಗೆ ಹೇಳಿದ್ದು ಅದೇ ಮೊದಲು. ನಕ್ಕು ಫೋನ್ ಇಟ್ಟೆ. ಆಮೇಲೆ ಅಷ್ಟು ಸುಲಭಕ್ಕೆ ನಗು ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಮದಗ-ಮಾಸೂರು ಕೆರೆ ನಾವು ಓದುವಾಗ ಹಿರೇಕೆರೂರು ತಾಲೂಕಿನಲ್ಲಿತ್ತು, ಈಗ ರಟ್ಟೀಹಳ್ಳಿ ತಾಲೂಕು. ಕುಮುದ್ವತಿ ಹೊಳೆ ಎರಡು ಗುಡ್ಡಗಳ ನಡುವೆ ಹಾಯುವ ಜಾಗದಲ್ಲಿ ಅಡ್ಡ ಏರಿ ಹಾಕಿ ವಿಜಯನಗರದ ಕಾಲದಲ್ಲಿ ಕಟ್ಟಿದ ಕೆರೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ದನ ಕಾಯುವವರು ಬಿಟ್ಟರೆ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದರೆ ಮಾತ್ರ ನೀರು ಬಂಡೆಗಳ ಮೇಲಿಂದ ಧುಮುಕುತ್ತದೆ. ನಮ್ಮ ಕಡೆಯವರಿಗೆ ಅದೇ ಜೋಗ. ಸರ್ವಜ್ಞನ ಹೆಸರಿನ ಜೊತೆ ಸೇರಿಕೊಂಡಿರುವ ಮಾಸೂರು ಇದೇ. ಆದರೆ ಈಗ ಮಾಸೂರು ಅಂದರೆ ರೀಲ್ಸ್‌ನಲ್ಲಿ ಬರುವ ನೀರು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ರಾಣೆಬೆನ್ನೂರು ಎಲ್ಲಾ ಕಡೆಯಿಂದ ಜನ ಬರುತ್ತಾರೆ. ಮುಂಜಾನೆ ಬಂದು, ನೀರಲ್ಲಿ ನೆನೆದು, ಪಲಾವು ಉಂಡು, ಸಂಜೆ ವಾಪಸ್.

ಅವ್ವನ ಮಾತಿಗೆ ಸರಿಯಾಗಿ ಹೊಂದುವ ಸುದ್ದಿಯೊಂದನ್ನು ಅದಕ್ಕೂ ಮುಂಚೆ ಓದಿದ್ದೆ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ಖಾಯಂ ವಾಸವಿರುವವರು ಸುಮಾರು 15,000 ಜನ. 2024ರ ಜುಲೈನಲ್ಲಿ ಒಂದೇ ದಿನ ಸುಮಾರು 11,000 ಮಂದಿ ಹಡಗುಗಳಲ್ಲಿ ಬಂದು ಇಳಿಯುವವರಿದ್ದರು. ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ, ದ್ವೀಪಕ್ಕೆ ಬರುವುದು ನಾಲ್ಕಾರು ತಾಸು ಫೋಟೋ ಹೊಡೆಯಲಿಕ್ಕೆ. ಆಗ ಅಲ್ಲಿನ ಸ್ಥಳೀಯ ಪ್ರತಿನಿಧಿಯೊಬ್ಬರು, ಈ ಹೊತ್ತು ಆದಷ್ಟು ಓಡಾಟ ಕಡಿಮೆ ಮಾಡಿ ಅಂತ ಮನವಿ ಮಾಡಿದರು. ಯಾರಿಗೆ? ಪ್ರವಾಸಿಗರಿಗಲ್ಲ, ಅಲ್ಲಿಯ ನಿವಾಸಿಗಳಿಗೆ! ಜನ ಸಿಟ್ಟಿಗೆದ್ದರು, ಪೋಸ್ಟ್ ಡಿಲೀಟ್ ಆಯಿತು. ನಮ್ಮವ್ವ ಪೋಸ್ಟ್ ಹಾಕಲಿಲ್ಲ, ಮಗನಿಗೆ ಫೋನ್ ಮಾಡಿದಳು, ಅಷ್ಟೇ ವ್ಯತ್ಯಾಸ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಆರೇಳು ವರ್ಷದ ಹಿಂದೆ ಇದೇ ಕೋಡಿಯ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದೆ. ಗೂಗಲ್ ಮ್ಯಾಪ್ ಲೊಕೇಶನ್ ಸಮೇತ. ಯಾವ ದಾರಿ ಹಿಡಿಯಬೇಕು, ಎಲ್ಲಿ ಕಾರು ನಿಲ್ಲಿಸಬೇಕು, ಎಲ್ಲಾ ಬರೆದಿದ್ದೆ. ಬೆಂಗಳೂರಿನಲ್ಲಿ "ನಿಮ್ಮ ಕಡೆ ನೋಡೋಕೆ ಏನಿದೆ ಮಗಾ, ಬರೀ ಬಿಸಿಲು, ಮೆಣಸಿನಕಾಯಿ" ಅನ್ನುವವರ ಬಾಯಿ ಮುಚ್ಚಿಸುವ ಹಟ. ಪೋಸ್ಟು ನಾನು ಎಣಿಸಿದ್ದಕ್ಕಿಂತ ದೂರ ಹೋಯಿತು. ಆಫೀಸಿನ ಗೆಳೆಯರು ನಾಲ್ಕು ಕಾರು ಮಾಡಿಕೊಂಡು ಬಂದರು, ನಮ್ಮ ಮನೆಯಲ್ಲೇ ರೊಟ್ಟಿ ಎಣಗಾಯಿ ಉಂಡರು. ಅವತ್ತು ನನ್ನಷ್ಟು ಜಂಬದ ಮನುಷ್ಯ ತಾಲೂಕಿನಲ್ಲೇ ಇರಲಿಲ್ಲ.

ಹೋದ ವರ್ಷ ಶನಿವಾರ ರಾತ್ರಿ ಊರು ಮುಟ್ಟಿದಾಗ ಕಾಕಾನ ಎತ್ತು ಕೊಟ್ಟಿಗೆಯಲ್ಲಿ ಮೂರು ಕಾಲಿನ ಮೇಲೆ ನಿಂತಿತ್ತು. ಗೊರಸಿನ ಸಂದಿಯಲ್ಲಿ ಬಾಟ್ಲಿ ಚೂರು ಹೊಕ್ಕಿತ್ತು. ಕಾಕಾನ ಹೊಲ ರಸ್ತೆ ಪಕ್ಕದಲ್ಲಿದೆ, ಕಾರು ತಿರುಗಿಸಿಕೊಳ್ಳಲು ಅಲ್ಲೇ ಒಳಗೆ ಇಳಿಸುತ್ತಾರೆ, ಬದುವಿನ ಮೇಲೆ ಕೂತು ಕುಡಿಯುತ್ತಾರೆ. ಗೋವಿನಜೋಳಕ್ಕೆ ಎಡೆ ಹೊಡೆಯುವ ಕಾಲ ಅದು. ವಾರ ತಪ್ಪಿದರೆ ಕಳೆ ಬೆಳೆಯನ್ನು ಮೀರುತ್ತದೆ. ಬಾಡಿಗೆ ಎತ್ತು ಹುಡುಕಿದರೆ ಎಲ್ಲರಿಗೂ ಅದೇ ವಾರ ಬೇಕು. ಕಾಕಾ ನನ್ನನ್ನು ಬೈಯಲಿಲ್ಲ. ಅವನಿಗೆ ಫೇಸ್‌ಬುಕ್ ವಿಷಯ ಗೊತ್ತೇ ಇಲ್ಲ. "ಯಾವನೋ ಸೂಳೇಮಗ ಒಡದು ಹೋಗ್ಯಾನ" ಅಂದ. ಎತ್ತಿನ ಕಾಲಿಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದವನ ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಾನು ಸುಮ್ಮನೆ ನಿಂತಿದ್ದೆ.

ಆ ಯಾವನೋ ಯಾರು ಅನ್ನುವುದೇ ನನ್ನ ಪ್ರಶ್ನೆ. ಬಾಟ್ಲಿ ಒಡೆದವನು ಒಬ್ಬ, ಸರಿ. ಆದರೆ ಬಾಟ್ಲಿ ಒಡೆಯದೇ, ಕಸ ಹಾಕದೇ, ನೀರು ನೋಡಿ ತಣ್ಣಗೆ ಮನೆಗೆ ಹೋದ ಉಳಿದ ಸಾವಿರ ಜನ? ಅವರಿಂದಲೂ ರಸ್ತೆ ಬಂದ್ ಆಗಿದೆ, ಹಾಲಿನ ಗಾಡಿ ತಡವಾಗಿದೆ. ನನ್ನ ಕೆಲಸದ ಭಾಷೆಯಲ್ಲಿ ಹೇಳಿದರೆ ಇದು ಹ್ಯಾಕಿಂಗ್ ಅಲ್ಲ, ಲೋಡ್. ಸರ್ವರ್ ಮಲಗಿದಾಗ ಲಾಗ್ ತೆಗೆದು ನೋಡಿದರೆ ಪ್ರತಿಯೊಂದು ರಿಕ್ವೆಸ್ಟೂ ನಿಯಮದ ಪ್ರಕಾರವೇ ಇರುತ್ತದೆ. ತಪ್ಪಿತಸ್ಥ ಅಂತ ಒಬ್ಬನನ್ನು ತೋರಿಸಲಾಗುವುದಿಲ್ಲ. ಸರ್ವರ್ ಮಲಗಿರುವುದು ಮಾತ್ರ ನಿಜ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞ ಗೋಮಾಳದ ಉದಾಹರಣೆ ಕೊಟ್ಟು ಒಂದು ಪ್ರಸಿದ್ಧ ಪ್ರಬಂಧ ಬರೆದ. ಎಲ್ಲರಿಗೂ ಬಿಟ್ಟ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಲಾಭ ಅವನಿಗೆ, ನಷ್ಟ ಎಲ್ಲರಿಗೂ ಹಂಚಿಕೆ, ಕೊನೆಗೆ ಹುಲ್ಲೇ ಇಲ್ಲ ಅಂತ. ಅದೇ ಪ್ರಬಂಧದಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಮಾತೂ ಇದೆ, ಜನ ಹೆಚ್ಚಿದಂತೆ ಅವರು ನೋಡಲು ಬಂದದ್ದೇ ಸವೆದು ಹೋಗುತ್ತದೆ ಅಂತ. ಇದಕ್ಕೆ ಎದುರು ಮಾತಾಡಿದವರು ಎಲಿನಾರ್ ಆಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಊರಿನವರು ತಾವೇ ಕಟ್ಟು ಮಾಡಿಕೊಂಡು ಕೆರೆ, ಕಾಡು, ಮೀನು ಕಾಪಾಡಿಕೊಂಡದ್ದನ್ನು ಜಗತ್ತಿನ ಎಷ್ಟೋ ಕಡೆಗಳಿಂದ ತೋರಿಸಿದರು. ನಮಗೆ ಇದು ಹೊಸದಲ್ಲ. ಕೆರೆಗೆ ನೀರುಗಂಟಿ ಇರುತ್ತಿದ್ದ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಲೆಕ್ಕ. ನೀರು ಉಂಡವನು ಹೂಳು ಎತ್ತಲಿಕ್ಕೂ ಬರಬೇಕಿತ್ತು. ಈಗ ಬರುವವರು ನೀರನ್ನು ಒಯ್ಯುವುದಿಲ್ಲ, ನೋಟವನ್ನು ಒಯ್ಯುತ್ತಾರೆ. ನೋಟಕ್ಕೆ ನೀರುಗಂಟಿ ಇಲ್ಲ.

ಹಾಗಂತ ಬೇಲಿ ಹಾಕಿಬಿಡಬೇಕೆ? ಕಾಂಟ್ 1795ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ವಾದ ಇದೆ. ಭೂಮಿ ದುಂಡಗಿದೆ, ಮನುಷ್ಯರು ದೂರ ದೂರ ಹೋಗುತ್ತಲೇ ಇರಲಾರರು, ಎಲ್ಲೋ ಒಂದು ಕಡೆ ಎದುರಾಗಲೇಬೇಕು. ಮೂಲತಃ ಯಾವ ಜಾಗದ ಮೇಲೂ ಒಬ್ಬನಿಗೆ ಇನ್ನೊಬ್ಬನಿಗಿಂತ ಹೆಚ್ಚಿನ ಹಕ್ಕಿಲ್ಲ. ಅದಕ್ಕೇ ಹೊರಗಿನವನಿಗೆ ಬಂದು ಹೋಗುವ ಹಕ್ಕಿದೆ, ಅವನನ್ನು ಶತ್ರುವಿನ ಹಾಗೆ ನೋಡಬಾರದು. ಆದರೆ ಅತಿಥಿಯಾಗಿ ಉಳಿಯುವ ಹಕ್ಕು ಬೇರೆ, ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಓದಿದಾಗ ಸರಿ ಅನ್ನಿಸಿತು. ಆದರೆ ನಮ್ಮ ತಾಪತ್ರಯ ತಿರುವು ಮುರುವು. ಉಳಿದುಕೊಳ್ಳುವವರಿಂದ ನಮಗೆ ತೊಂದರೆಯೇ ಇಲ್ಲ. ಯಾರಾದರೂ ರಾತ್ರಿ ಉಳಿದರೆ ಅವರ ಹೆಸರು ಕೇಳುತ್ತೇವೆ, ಯಾರ ಪೈಕಿ ಅಂತ ಕೇಳುತ್ತೇವೆ, ಅವರೂ ನಮ್ಮ ಮಳೆ ಬೆಳೆ ಕೇಳುತ್ತಾರೆ. ಬಂದು ಹೋಗುವವರದೇ ಭಾರ. ತಿಥಿ ಗೊತ್ತಿಲ್ಲದೆ ಬರುವವನು ಅತಿಥಿ ಅಂತ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಇವರದು ತಿಥಿ ಫಿಕ್ಸು: ಭಾನುವಾರ.

ಜಾತ್ರೆಗೂ ಒಂದೇ ದಿನಕ್ಕೆ ಸಾವಿರಾರು ಜನ ಬರುತ್ತಾರಲ್ಲ, ಅದು ಯಾಕೆ ಭಾರ ಅನ್ನಿಸುವುದಿಲ್ಲ? ಶಿಗ್ಗಾಂವಿ ತಾಲೂಕಿನ ಶಿಶುನಾಳಕ್ಕೆ ಜಾತ್ರೆಯಲ್ಲಿ ಹೋಗಿ ನೋಡಿ. ಕಸ ಬೀಳುತ್ತದೆ, ಧೂಳು ಏಳುತ್ತದೆ, ರಸ್ತೆ ತುಂಬುತ್ತದೆ. ಆದರೆ ಬಂದವರಲ್ಲಿ ಅರ್ಧ ಜನಕ್ಕೆ ಆ ಸುತ್ತಿನಲ್ಲಿ ಬೀಗರಿದ್ದಾರೆ. ಉಂಡ ಮನೆಯವರು ನಾಳೆ ಇವರ ಊರಿನ ಜಾತ್ರೆಗೆ ಬಂದು ಉಣ್ಣುತ್ತಾರೆ. ಲೆಕ್ಕ ಎಲ್ಲೋ ಒಂದು ಕಡೆ ಸರಿಹೋಗುತ್ತದೆ. ನಮ್ಮ ಕಾಕಾ ದಾವಣಗೆರೆಯ ಯಾವ ಕಾರಿನವನ ಮನೆ ಮುಂದೆ ಹೋಗಿ ಬದುವಿನ ಮೇಲೆ ಕೂರಬೇಕು?

ಹೀಗೆಲ್ಲಾ ಊರ ಕಟ್ಟೆ ಮೇಲೆ ಭಾಷಣ ಮಾಡುತ್ತಿದ್ದಾಗ ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯ ಒಬ್ಬ, ದಲಿತ ಕೇರಿಯವನು, ಬೀಡಿ ಆರಿಸಿ ಹೇಳಿದ: "ನಮ್ಮ ನೀರು, ನಮ್ಮ ಕೆರಿ ಅಂತ ಭಾಳ ಅಂತೀಯಲ್ಲಪಾ. ನಮ್ಮಪ್ಪ ಸಣ್ಣಾಂವ ಇದ್ದಾಗ ಊರ ಕೆರಿ ಪಾವಟಿಗಿ ಇಳಿಯಾಕ ಬಿಡ್ತಿದ್ದಿಲ್ಲ. ಆಗೂ ಹಿಂಗ ಅಂತಿದ್ರು, ನಮ್ಮ ಕೆರಿ ಹೊಲಸ ಆಕ್ಕೈತಿ ಅಂತ." ಕಟ್ಟೆ ಮೇಲೆ ಯಾರೂ ಮಾತಾಡಲಿಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಅಂಬೇಡ್ಕರ್ ಮುಟ್ಟಿದ್ದು ಪಠ್ಯದಲ್ಲಿ ಓದಿದ್ದೆ. ಅದು ನಮ್ಮೂರ ಪಾವಟಿಗೆಗೂ ಸೇರಿದ ಮಾತು ಅಂತ ಹೊಳೆದಿರಲಿಲ್ಲ. "ನಮ್ಮ" ಅನ್ನುವ ಪದ ಬಾಯಿಗೆ ಬಂದಾಗಲೆಲ್ಲ ಈಗ ಸ್ವಲ್ಪ ತಡೆಯುತ್ತೇನೆ. ಬೇಲಿಯ ಚರಿತ್ರೆ ನಮ್ಮಲ್ಲಿ ಒಳ್ಳೆಯದಿಲ್ಲ.

ಕೋಡಿ ಹತ್ತಿರ ಸುಟ್ಟ ತೆನೆ ಮಾರುವ ಅಜ್ಜಿಯ ಲೆಕ್ಕ ಇನ್ನೂ ಬೇರೆ. ಎಂಟು ಹತ್ತು ಐತ್ವಾರದ ದುಡಿಮೆ ಅವಳಿಗೆ. "ಬರಲಿ ಬಿಡಪಾ. ಅವರು ಬರಲಿಲ್ಲಂದ್ರ ನನ್ನ ತೆನಿ ಯಾರು ತಿಂತಾರ, ನೀ ತಿಂತೀಯೇನು?" ನಾನು ಎರಡು ತೆನೆ ಕೊಂಡು ತಿಂದೆ. ಅದರಿಂದ ವಾದವೇನೂ ಗೆಲ್ಲಲಿಲ್ಲ.

ದುಡ್ಡು ವಸೂಲಿ ಮಾಡಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ವೆನಿಸ್ ನಗರ 2024ರ ಏಪ್ರಿಲ್‌ನಿಂದ, ಗದ್ದಲದ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 5 ಯೂರೋ ಹಾಕಿತು. ಗ್ರೀಸ್ 2025ರಲ್ಲಿ ಸ್ಯಾಂಟೊರಿನಿಗೆ ಹಡಗಿನಲ್ಲಿ ಬರುವವರಿಗೆ ಸೀಸನ್ನಿನಲ್ಲಿ 20 ಯೂರೋ ಮಾಡಿತು. ನಮ್ಮಲ್ಲೂ 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಇರುವೆ ಸಾಲಿನ ಹಾಗೆ ಹತ್ತಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಡೆಯಿತು. ಸಂಖ್ಯೆಗೆ ಮಿತಿ ಬೇಕು, ಒಪ್ಪುತ್ತೇನೆ, ಬೆಟ್ಟಕ್ಕಾಗಲಿ ಕೆರೆಗಾಗಲಿ ತಾಳಿಕೆ ಅಂತ ಇದೆ. ಆದರೆ ಬರೀ ಶುಲ್ಕದ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಊರ ಹುಡುಗರು ಪಾರ್ಕಿಂಗ್‌ಗೆ 20 ರೂಪಾಯಿ ಕೇಳತೊಡಗಿದ ವಾರವೇ ಒಬ್ಬರು "ದುಡ್ಡು ಕೊಟ್ಟಿಲ್ವಾ, ಕಸ ನೀವೇ ತೆಗೀರಿ" ಅಂದರಂತೆ. ಕೊಟ್ಟ ತಕ್ಷಣ ಋಣ ಮುಗಿಯಿತು ಅನ್ನಿಸುವುದು ಸಹಜ. ನಾನೇ ರೆಸಾರ್ಟಿಗೆ ಹೋದಾಗ ಒದ್ದೆ ಟವೆಲ್ಲನ್ನು ಎಲ್ಲಿ ಎಸೆದು ಬರುತ್ತೇನೆ ಅಂತ ನನಗೆ ಗೊತ್ತು.

ಇನ್ನೊಂದು ಹಳೆಯ ಲೆಕ್ಕವೂ ಬಾಕಿ ಇದೆ. ಎಂಟನೇ ಕ್ಲಾಸಿನಲ್ಲಿ ನಮ್ಮನ್ನು ಒಂದು ದಿನದ ಪ್ರವಾಸ ಕರೆದೊಯ್ದಿದ್ದರು. ಮುಂಜಾನೆ ಹಾನಗಲ್ಲಿನ ತಾರಕೇಶ್ವರ ಗುಡಿ, ಮಧ್ಯಾಹ್ನ ಶಿಶುನಾಳ, ಸಂಜೆ ಸವಣೂರು. ಹಾನಗಲ್ಲಿನಲ್ಲಿ ಎಲ್ಲರೂ ಕುತ್ತಿಗೆ ಎತ್ತಿ ಚಾವಣಿಯ ಕಲ್ಲಿನ ಕಮಲ ನೋಡಿದೆವು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಆಫ್ರಿಕಾ ಮೂಲದ ಆ ಮೂರು ಭಾರೀ ಮರಗಳು, ಹತ್ತು ಹುಡುಗರು ಕೈ ಕೈ ಹಿಡಿದು ಸುತ್ತಿದರೂ ಸಾಲದ ಬೊಡ್ಡೆ. ಮೇಷ್ಟ್ರು ಖಾರ ಕೊಳ್ಳಲು ಹೋದಾಗ ಕಂಪಾಸಿನ ಮೊನೆಯಿಂದ ಒಂದು ಬೊಡ್ಡೆಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರ ಕೆತ್ತಿದೆ. ಬಸ್ಸು ಹೊರಟಿತು. ಎಲ್ಲಿಂದಲೋ ಬಂದು ನೂರಾರು ವರ್ಷ ಅಲ್ಲೇ ನಿಂತ ಮರದ ಮೇಲೆ, ಅರ್ಧ ತಾಸು ನಿಂತ ನಾನು ಗುರುತು ಬಿಟ್ಟು ಬಂದಿದ್ದೆ. 2023ರ ಜುಲೈ ಮಳೆಯಲ್ಲಿ ಆ ಮೂರರಲ್ಲಿ ಒಂದು ಮರ ಉರುಳಿತು. ಅದನ್ನು ಎಬ್ಬಿಸಿ ಮತ್ತೆ ನೆಟ್ಟರು. ವಿಡಿಯೋ ನೋಡುತ್ತಾ ನಾನು ಹುಡುಕುತ್ತಿದ್ದದ್ದು, ನಾಚಿಕೆಯಾದರೂ ಹೇಳುತ್ತೇನೆ, ಆ ಅಕ್ಷರವನ್ನು.

ಈಗ ಊರಿಗೆ ನಾನು ಹೋಗುವುದೂ ಹಾಗೆಯೇ. ಶನಿವಾರ ರಾತ್ರಿ ಇಳಿಯುತ್ತೇನೆ, ಭಾನುವಾರ ಸಂಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬಸ್ಸು ಹತ್ತುತ್ತೇನೆ. ಎತ್ತಿನ ಔಷಧಕ್ಕೆ ಅಂತ ಕಾಕಾನ ಕೈಗೆ ಎರಡು ಸಾವಿರ ಇಟ್ಟೆ. ಅವನು ತಗೊಳ್ಳಲಿಲ್ಲ. "ದುಡ್ಡು ಇರ್ಲಿ, ಬುಧವಾರತನಕ ಇರು. ಎಡಿ ಹೊಡಿಯಾಕ ಒಂದಾಳು ಕಡಿಮಿ ಬೀಳ್ತೈತಿ" ಅಂದ. ಸೋಮವಾರ ರಿಲೀಸ್ ಇತ್ತು. ಹೇಳಿದೆ. "ಹೂಂ" ಅಂದು ಎತ್ತಿನ ಕಡೆ ತಿರುಗಿದ.

ಈ ಮಳೆಗಾಲದಲ್ಲಿ ಟೀಮಿನ ಹೊಸ ಹುಡುಗನೊಬ್ಬ ಆ ಹಳೆಯ ಫೋಟೋ ಹುಡುಕಿ ತಂದು "ಸರ್, ಈ ಸಂಡೇ ಹೋಗಬಹುದಾ, ಲೊಕೇಶನ್ ವರ್ಕ್ ಆಗ್ತಿಲ್ಲ" ಅಂದ. ಲೊಕೇಶನ್ ತೆಗೆದವನು ನಾನೇ. ಭಾನುವಾರ ಬೇಡ, ವಾರದ ನಡುವೆ ಹೋಗು, ನಮ್ಮ ಮನೆಯಲ್ಲೇ ಎರಡು ದಿನ ಇರು, ನಾನೂ ಬರುತ್ತೇನೆ ಅಂದೆ. ಅವನು ಲೀವ್ ಬ್ಯಾಲೆನ್ಸ್ ನೋಡಿದ, ನಾನೂ ನೋಡಿದೆ. ಇಬ್ಬರಿಗೂ ಆ ವಾರ ರಜೆ ಇರಲಿಲ್ಲ.