ಸ್ಥಾವರ ಇಲ್ಲದವರ ಸ್ಥಾವರ

ಸಣ್ಣ ಊರಿನ ಚರ್ಚಿನ ಇತಿಹಾಸ ಸಾಮಾನ್ಯವಾಗಿ ಸಿಗುವುದು ಅದರ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ. ಅಡಿಗಲ್ಲು ಇಟ್ಟ ವರ್ಷ, ಇಟ್ಟ ಮಿಷನರಿಯ ಹೆಸರು, ಹಣ ಕಳಿಸಿದ ದೂರದೇಶದ ದಾನಿ, ಆಮೇಲೆ ಸಭಾಪಾಲಕರ ಭಾವಚಿತ್ರಗಳ ಸಾಲು. ಎಲ್ಲವನ್ನೂ ಓದಿ ಮುಗಿಸಿದರೂ ಒಂದು ಸಂಗತಿ ಮಾತ್ರ ತಿಳಿಯುವುದಿಲ್ಲ: ಆ ಊರಿನವರಿಗೆ ಈ ನಾಲ್ಕು ಗೋಡೆ ಯಾಕೆ ಬೇಕಾದವು?

ಈ ಪ್ರಶ್ನೆಯನ್ನು ಬಸವಕಲ್ಯಾಣದ ನೆರೆಯಲ್ಲಿ ಕೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಕಲ್ಯಾಣದ ಪಡುವಲಿಗೆ ಉಮರ್ಗಾ, ಅದರಾಚೆ ಲೋಹಾರಾ. ಬಡಗಲಿಗೆ ನಿಲಂಗಾ, ಉದಗೀರ. ಜೋಳ, ತೊಗರಿ ಬೆಳೆಯುವ ಕರಿಮಣ್ಣಿನ ಒಂದೇ ಸೀಮೆ ಇದು. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯವೇ ಆಗಿದ್ದವು. ಹನ್ನೆರಡನೇ ಶತಮಾನದಲ್ಲಿ ಈ ನೆಲದಲ್ಲಿ ನಿಂತು ಶರಣರು ಸ್ಥಾವರವನ್ನು ಸಂಶಯದಿಂದ ನೋಡಿದರು. ಕಟ್ಟಿಸಿದ ಗುಡಿಗಿಂತ ನಡೆದಾಡುವ ಜಂಗಮ ದೊಡ್ಡದೆಂದರು. ಹಾಗಿರುವಾಗ ಏಳು ಶತಮಾನ ಕಳೆದ ಮೇಲೆ ಅದೇ ನೆಲದ ಬಡವರಲ್ಲೇ ಬಡವರು ಒಂದು ಕಟ್ಟಡಕ್ಕಾಗಿ ಹಂಬಲಿಸಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ವಿಚಿತ್ರವೆಂದರೆ, ಅವರನ್ನು ಅರಸಿ ಬಂದ ಮೆಥೋಡಿಸ್ಟ್ ಪಂಥವೂ ಹುಟ್ಟಾ ಜಂಗಮವೇ. ಇಂಗ್ಲೆಂಡಿನಲ್ಲಿ ಚರ್ಚುಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡಾಗ ಅದರ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್ ಬಳಿಯ ಬಯಲಿಗೆ ಬಂದು, ಕಲ್ಲಿದ್ದಲು ಗಣಿಯ ಕೂಲಿಗಳ ಮುಂದೆ ನಿಂತು ಉಪದೇಶ ಮಾಡಿದ. ಕುದುರೆಯ ಮೇಲೆ ಊರೂರು ಅಲೆಯುವುದೇ ಅವನ ಬದುಕಾಯಿತು. ಅದೇ ಪಂಥದ, ಅಮೆರಿಕದ ವಿಲಿಯಂ ಟೇಲರ್ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಗಳಲ್ಲಿ ಬೋಧಿಸಿ ಹೆಸರಾದವನು. 1871ರ ಕೊನೆಗೆ ಮುಂಬೈಗೆ ಬಂದ ಅವನು ಮಿಷನ್ ಮಂಡಳಿಯ ದುಡ್ಡಿಗೆ ಕೈಯೊಡ್ಡದೆ ಸಭೆಗಳನ್ನು ಕೂಡಿಸಿ, 1875ರಲ್ಲಿ ಭಾರತ ಬಿಟ್ಟುಹೋದ. ಅವನ ಹಿಂದೆ ಬಂದವರು ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಕಲಬುರಗಿ, ಬೀದರಗಳನ್ನು ಮುಟ್ಟಿದರು. ಇಂದಿಗೂ ಮೆಥೋಡಿಸ್ಟ್ ಸಭಾಪಾಲಕ ಒಂದೇ ಊರಿನಲ್ಲಿ ನೆಲೆಯೂರುವುದಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ಪರು ಹೆಸರು ಓದಿ ಹೇಳಿದ ಊರಿಗೆ ಗಂಟುಮೂಟೆ ಕಟ್ಟಬೇಕು.

ಹೀಗಾಗಿ ಬಂದುಹೋಗುವವರೇ ಬರೆದರು. ಅವರ ವರದಿಗಳು ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಹೋದವು. ಮನೆಮನೆಗೆ ನಡೆದು ಓದು ಕಲಿಸಿದ ಊರ ಹೆಂಗಸರು, 'ಬೈಬಲ್ ಸ್ತ್ರೀ'ಯರು, ಆ ಕಾಗದಗಳಲ್ಲಿ ಹೆಚ್ಚಾಗಿ ಬರಿಯ ಸಂಖ್ಯೆಯಾಗಿ ಉಳಿದರು. ಊರಿನಲ್ಲೇ ಉಳಿದವರಿಗೆ ಬರೆಯಲು ಇದ್ದದ್ದು ದೀಕ್ಷಾಸ್ನಾನದ ದಾಖಲೆ ಪುಸ್ತಕವೊಂದೇ. ಹೊಲೆಯರು, ಮಾದಿಗರು, ಮಹಾರರು, ಮಾಂಗರು: ಕೇರಿಗೆ ಕೇರಿಯೇ ಒಟ್ಟಾಗಿ ಬಂದ ಈ ಬಗೆಯ ಚಲನೆಯನ್ನು ಮೆಥೋಡಿಸ್ಟ್ ಮಿಷನರಿ ಜೆ. ವಾಸ್ಕಮ್ ಪಿಕೆಟ್ ದೇಶದ ಹಲವೆಡೆ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ಮಾಡಿದರು. ಬಂದವರ ಮನಸ್ಸಿನಲ್ಲಿ ಏನಿತ್ತು, ನಂಬಿಕೆಯೋ ಹಸಿವೋ, ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಆದರೆ ಹಸಿದವನ ನಂಬಿಕೆಯನ್ನು ಮಾತ್ರ ತಕ್ಕಡಿಗೆ ಹಾಕುವ ನಾವು, ಹೊಟ್ಟೆ ತುಂಬಿದವನ ಭಕ್ತಿಯನ್ನು ಹಾಗೆ ತೂಗಿ ನೋಡಿದ್ದುಂಟೇ?

ಈ ಕೇರಿಗಳಿಗೆ ಗುಡಿಯ ಹೊಸ್ತಿಲು ದಾಟುವ ಹಕ್ಕಿರಲಿಲ್ಲ, ಊರ ಬಾವಿಗೆ ಹಗ್ಗ ಇಳಿಸುವ ಹಕ್ಕಿರಲಿಲ್ಲ, ಬಹುಪಾಲು ಜನಕ್ಕೆ ಹೊಲವೂ ಇರಲಿಲ್ಲ. ಶರಣರು ಸ್ಥಾವರವನ್ನು ಪ್ರಶ್ನಿಸಿದ್ದು ಅದನ್ನು ಕಟ್ಟಿಸಬಲ್ಲ ಉಳ್ಳವರ ಎದುರು. ಕಟ್ಟುವುದಿರಲಿ, ಒಳಗೆ ಕಾಲಿಡುವುದಕ್ಕೂ ಆಗದವನಿಗೆ ಸ್ಥಾವರವನ್ನು ಬಿಡು ಎಂದರೆ ಅವನು ಬಿಡಬೇಕಾದದ್ದೇನು? ಅವನ ಪಾಲಿಗೆ ತಗಡಿನ ಮಾಡಿನ ಒಂದು ಕೋಣೆ ಸಂಪತ್ತಿನ ಪ್ರದರ್ಶನವಲ್ಲ. ಯಾರನ್ನೂ ಕೇಳದೆ ಒಳಗೆ ಹೋಗಿ, ನೆಲದ ಮೇಲೆ ಕೂತು, ತನ್ನ ಮಾತಿನಲ್ಲಿ ಹಾಡಬಹುದಾದ ಮೊದಲ ಜಾಗ ಅದು. ಹಾಡಿಗೆ ಭಾಷೆಯ ಗಡಿಯ ಇಕ್ಕೆಲದಿಂದಲೂ ಮಾತು ಒದಗಿತು: ಕನ್ನಡದ ಬೈಬಲ್ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕೈಯಲ್ಲಿ 1831ಕ್ಕೇ ಪೂರ್ಣವಾಗಿತ್ತು, ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ಅಭಂಗದ ಧಾಟಿಯಲ್ಲೇ ಕ್ರಿಸ್ತನನ್ನು ಹಾಡಿದರು.

ಆದರೆ ಸಿಕ್ಕ ಈ ಸ್ಥಾವರವೂ ಕಾಗದದಲ್ಲಿ ಅವರದಲ್ಲ. ಮೆಥೋಡಿಸ್ಟ್ ಪದ್ಧತಿಯಲ್ಲಿ ಆಸ್ತಿ ಊರಿನ ಸಭೆಗೆ ಸೇರುವುದಿಲ್ಲ, ಇಡೀ ಸಂಸ್ಥೆಯ ನ್ಯಾಸಕ್ಕೆ ಸೇರುತ್ತದೆ. ಬ್ರಿಟಿಷ್ ಮೂಲದ ಮೆಥೋಡಿಸ್ಟರಾದ ವೆಸ್ಲಿಯನ್ನರು ಮೇದಕಿನಲ್ಲಿ 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಗೊಂಡ ಭಾರಿ ಕಲ್ಲಿನ ದೇವಾಲಯದ ಸಮೇತ 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದರು. ಬೀದರ ಕಡೆಯ ಅಮೆರಿಕನ್ ಮೂಲದವರು ಹೊರಗುಳಿದು, 1981ರಲ್ಲಿ ಸ್ವಾಯತ್ತ ಮೆಥೋಡಿಸ್ಟ್ ಚರ್ಚ್ ಆದರು. ಈ ನಿರ್ಧಾರಗಳನ್ನೆಲ್ಲ ದೂರದ ಸಮ್ಮೇಳನಗಳು ಮಾಡಿದವು. ಗೋಡೆಗೆ ಸುಣ್ಣ ಬಳಿಯುತ್ತಿದ್ದವರಿಗೆ ಸುದ್ದಿ ಮಾತ್ರ ಮುಟ್ಟಿತು.

ಸರಕಾರದ ಕಾಗದ ಇನ್ನೂ ಕಠಿಣ. ಪರಿಶಿಷ್ಟ ಜಾತಿಯನ್ನು 1950ರ ಆದೇಶ ಹಿಂದೂಗಳಿಗೆ ಸೀಮಿತ ಮಾಡಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು, ಕ್ರೈಸ್ತರಿಗೆ ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಬೌದ್ಧರಾದರು. ಮೂರು ವಾರ ತುಂಬುವ ಮೊದಲೇ, ನವೆಂಬರ್ 1ರಂದು, ಉದಗೀರ ಮುಂಬೈ ರಾಜ್ಯಕ್ಕೂ ಬೀದರ ಮೈಸೂರಿಗೂ ಹೋದವು. ಹೀಗೆ ಒಂದೇ ಹಂಗಾಮಿನಲ್ಲಿ ಈ ಸೀಮೆಯ ದಲಿತನ ಎದುರು ಹೊಸ ಧರ್ಮದ ದಾರಿಯೂ ಹೊಸ ರಾಜ್ಯದ ಗಡಿಯೂ ಬಂದು ನಿಂತವು. ಸಭೆಯ ಪುಸ್ತಕದಲ್ಲಿ ಒಂದು ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು: ಇದನ್ನು ಕಪಟವೆನ್ನುವವರಿದ್ದಾರೆ. ಒಬ್ಬ ಮನುಷ್ಯನ ದುಃಖವನ್ನು ಕಾನೂನು ಎರಡು ಖಾನೆಗಳಲ್ಲಿ ಹಂಚಿಟ್ಟರೆ, ಅವನು ಎರಡರಲ್ಲೂ ನಿಲ್ಲಬೇಕಾಗುತ್ತದೆ.

ಸ್ಥಾವರ ಅಳಿಯುತ್ತದೆ ಎಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಈಗಿನ ಲೋಹಾರಾ ತಾಲ್ಲೂಕಿನ ಸಾಸ್ತೂರು ಅವುಗಳಲ್ಲಿ ಒಂದು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ: ಅಂಥ ಮನೆಗಳೇ ಮಲಗಿದ್ದವರ ಮೇಲೆ ಬಿದ್ದವು. ಹುಲ್ಲಿನ ಹಗುರ ಗುಡಿಸಲು ಅಷ್ಟು ಜೀವ ತೆಗೆಯಲಿಲ್ಲ. ಅಷ್ಟಾದರೂ ಬದುಕಿ ಉಳಿದವರು ಗೋಡೆಯೇ ಬೇಡವೆನ್ನಲಿಲ್ಲ, ಬೀಳದ ಗೋಡೆ ಬೇಕೆಂದರು. ಅಳಿಯುವುದೆಂದು ಗೊತ್ತಿದ್ದೂ ಕಟ್ಟುವವನನ್ನು ಅಜ್ಞಾನಿ ಎನ್ನಲು ನನಗೆ ಮನಸ್ಸು ಬಾರದು.

ಹಾಗೆಂದು ಶರಣರ ಪ್ರಶ್ನೆ ತೀರಲಿಲ್ಲ. ಅದು ಗೋಡೆ ಕಟ್ಟಿಯಾದ ಮೇಲೆ ಬರುವ ಪ್ರಶ್ನೆ. ಒಳಗೆ ಬಂದವರು ಮುಂದಿನ ಬೆಂಚಿಗೆ, ಸಮಿತಿಯ ಕುರ್ಚಿಗೆ, ಆವರಣದ ಜಾಗಕ್ಕೆ ಹೋರಾಡತೊಡಗಿದಾಗ, ಮದುವೆಯ ಮಾತು ಬಂದೊಡನೆ ಹೊಲಗೇರಿ ಮಾದಿಗಕೇರಿಗಳ ಅಂತರ ತಲೆಯೆತ್ತಿದಾಗ, ಸ್ಥಾವರ ತನ್ನ ಹಳೆಯ ಬುದ್ಧಿ ತೋರಿಸುತ್ತದೆ. ಆಗ ನೆನಪಾಗಬೇಕಾದದ್ದು ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ಕೂಡುವ ಮೆಥೋಡಿಸ್ಟ್ ಜಾತ್ರೆ. ಅಲ್ಲಿ ತೆಲುಗು, ಕನ್ನಡ, ಮರಾಠಿ ಮಾತಾಡುವ ಸಂಸಾರಗಳು ಡೇರೆ ಹಾಕಿ, ಬಯಲಲ್ಲೇ ಒಲೆ ಹೂಡುತ್ತವೆ.

ಆದ್ದರಿಂದ ಮುಂದಿನ ಸ್ಮರಣ ಸಂಚಿಕೆ ಬರೆಯುವವರು ಅಡಿಗಲ್ಲಿನಿಂದ ಶುರುಮಾಡದಿದ್ದರೂ ನಡೆಯುತ್ತದೆ. ದಾಖಲೆ ಪುಸ್ತಕದ ಮೊದಲ ಪುಟದಲ್ಲಿರುವವರು ಅದಕ್ಕೆ ಮುಂಚೆ ಎಲ್ಲಿ ನಿಲ್ಲಬೇಕಾಗಿತ್ತು ಎಂಬುದನ್ನು ಬರೆಯಲಿ. ಕೊನೆಯ ಅಧ್ಯಾಯಕ್ಕೆ, ಇಂದು ಅದೇ ಚರ್ಚಿನ ಹೊರಗೆ ಯಾರು ನಿಂತಿದ್ದಾರೆ ಎಂಬುದನ್ನು ಬರೆಯಲಿ. ಎರಡನ್ನೂ ಬರೆಯುವ ಧೈರ್ಯವಿದ್ದರೆ ಮಾತ್ರ ನಡುವಿನ ಕಟ್ಟಡಕ್ಕೆ ಇತಿಹಾಸವಿದೆ ಎನ್ನಬಹುದು.